ನಮ್ಮ ನೆಲದ ಹಳೆ ಕಾಗದಗಳನ್ನು ಊರಿಗೆ ತರಿಸಿಕೊಡಿ: ಸಚಿವರಿಬ್ಬರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಂದಾಯ ಸಚಿವರು ಹಾಗೂ
ಮಾನ್ಯ ಪರಿಶಿಷ್ಟ ವರ್ಗಗಳ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಅರಣ್ಯ ಹಕ್ಕು ಅರ್ಜಿದಾರರಿಗೆ ಬ್ರಿಟಿಷ್ ಮತ್ತು ನಿಜಾಮರ ಕಾಲದ ದಾಖಲೆಗಳನ್ನು ಸರ್ಕಾರವೇ ಒದಗಿಸಬೇಕೆಂಬ ಬೇಡಿಕೆ.

ಮಾನ್ಯರೇ,

ನಾನು ಸಂಡೂರು ತಾಲೂಕಿನಲ್ಲಿ ಗುಡ್ಡದ ಬುಡಕ್ಕಿರುವ ಒಂದು ಹಳ್ಳಿಯ ರೈತ. ನಾಯಕ ಸಮುದಾಯದವನು. ನಮ್ಮೂರಿನ ಅರಣ್ಯ ಹಕ್ಕು ಸಮಿತಿಯಲ್ಲಿ ಸದಸ್ಯ. ನಮ್ಮ ಹೊಲಕ್ಕೆ ಬದು ಹಚ್ಚಿ ಉಳುವ ಲಂಬಾಣಿ ತಾಂಡಾದವರು, ಕೊರಚರ ಕೇರಿಯವರು ಹಾಕಿದ ಅರ್ಜಿಗಳು ಒಂದೊಂದಾಗಿ ವಾಪಸು ಬರುತ್ತಿವೆ. ಎಲ್ಲದರ ಮೇಲೂ ಹೆಚ್ಚುಕಮ್ಮಿ ಒಂದೇ ಷರಾ: "75 ವರ್ಷದ ದಾಖಲೆ ಇಲ್ಲ." ಆ ಷರಾದ ಬಗ್ಗೆಯೇ ಈ ಪತ್ರ.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಎರಡು ಬಗೆಯ ಜನರಿದ್ದಾರೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಕಾಡಿನ ಜಮೀನು ಸಾಗು ಮಾಡುತ್ತಿದ್ದರೆ ಹಕ್ಕು ಕೇಳಬಹುದು. ಬೇಡ, ನಾಯಕ, ವಾಲ್ಮೀಕಿ ಎಂಬ ಹೆಸರುಗಳು 1991ರಲ್ಲಿ ಆ ಪಟ್ಟಿಗೆ ಸೇರಿದ್ದರಿಂದ ನನಗೆ ಹಳೆ ಕಾಗದದ ತೊಂದರೆ ಇಲ್ಲ. ಉಳಿದವರೆಲ್ಲ "ಇತರೆ ಪಾರಂಪರಿಕ ಅರಣ್ಯವಾಸಿಗಳು". ಕರ್ನಾಟಕದಲ್ಲಿ ಲಂಬಾಣಿಗಳು, ಕೊರಚರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದ ಕಾರಣ ಅವರೂ ಇದರಲ್ಲೇ ಬರುತ್ತಾರೆ. ಅವರು ಅದೇ ದಿನಕ್ಕಿಂತ ಹಿಂದೆ 3 ತಲೆಮಾರು, ತಲೆಮಾರಿಗೆ 25ರಂತೆ 75 ವರ್ಷ, ಇಲ್ಲೇ ನೆಲೆ ನಿಂತಿದ್ದೇವೆ ಎಂದು ತೋರಿಸಬೇಕು. ಲೆಕ್ಕ ಹಾಕಿದರೆ ಅದು 1930ಕ್ಕೆ ಹೋಗಿ ನಿಲ್ಲುತ್ತದೆ.

1930ರಲ್ಲಿ ಇಲ್ಲಿ ಯಾರ ಆಳ್ವಿಕೆ ಇತ್ತು? ಬಳ್ಳಾರಿಯಲ್ಲಿ ಮದ್ರಾಸ್ ಪ್ರಾಂತ್ಯದ ಬ್ರಿಟಿಷ್ ಸರ್ಕಾರ. ತುಂಗಭದ್ರೆ ದಾಟಿದರೆ ಕೊಪ್ಪಳ, ರಾಯಚೂರಿನಲ್ಲಿ ಹೈದರಾಬಾದಿನ ನಿಜಾಮ. ನಡುವೆ ನಮ್ಮ ಸಂಡೂರು, ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ, ಅದರ ಮೇಲೂ ಬ್ರಿಟಿಷರ ಕಣ್ಗಾವಲು. ಈ ಜನರನ್ನು ಕಾಡಿನಿಂದ ಹೊರಗೆ ಹಾಕಿದ್ದು, ಅವರ ವ್ಯಾಪಾರ ಮುರಿದದ್ದು, ಕೆಲವರನ್ನು ಹುಟ್ಟುಕಳ್ಳರೆಂದು ಪೊಲೀಸ್ ಪುಸ್ತಕದಲ್ಲಿ ಬರೆದದ್ದು ಆ ಆಳ್ವಿಕೆ. ಇವತ್ತು ಅವರ ಮೊಮ್ಮಕ್ಕಳು ಅದೇ ಆಳ್ವಿಕೆಯ ಕಾಗದ ತಂದು ತೋರಿಸಬೇಕಾಗಿದೆ. ಆ ಕಾಗದಗಳಾದರೂ ಎಲ್ಲಿವೆ? ಬಹುಪಾಲು ಚೆನ್ನೈಯಲ್ಲಿ, ಹೈದರಾಬಾದಿನಲ್ಲಿ. ಸರ್ಕಾರದ ಕೈಗೆ ಎಟುಕುವ ಜಾಗದಲ್ಲಿರುವ ಕಾಗದವನ್ನು ಸರ್ಕಾರ ಬಡವರ ಕೈಯಿಂದ ತರಿಸಲು ನೋಡುತ್ತಿದೆ. ನನ್ನ ದೂರು ಇದು.

ಕಾಯ್ದೆಯ ಪೀಠಿಕೆಯನ್ನು ದಯವಿಟ್ಟು ಇನ್ನೊಮ್ಮೆ ಓದಿ. ವಸಾಹತು ಕಾಲದಲ್ಲಿ ಸರ್ಕಾರಿ ಕಾಡುಗಳನ್ನು ಒಟ್ಟುಗೂಡಿಸುವಾಗ, ಸ್ವಾತಂತ್ರ್ಯದ ನಂತರವೂ, ಕಾಡಿನ ಜನರ ಪೂರ್ವಿಕರ ಭೂಮಿಯ ಹಕ್ಕುಗಳನ್ನು ಸರಿಯಾಗಿ ಗುರುತಿಸಲಿಲ್ಲ, ಅದರಿಂದ ಐತಿಹಾಸಿಕ ಅನ್ಯಾಯ ಆಯಿತು ಎಂದು ಭಾರತದ ಸಂಸತ್ತು ಅಲ್ಲಿ ಒಪ್ಪಿಕೊಂಡಿದೆ. ಆ ಅನ್ಯಾಯ ನಮ್ಮ ಸೀಮೆಯಲ್ಲಿ ಹೇಗೆ ನಡೆಯಿತು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅರ್ಜಿಗಳ ಮೇಲೆ ಸಹಿ ಹಾಕುವ ಅಧಿಕಾರಿಗಳಿಗೆ ಈ ಹಿನ್ನೆಲೆ ಗೊತ್ತಿರಬೇಕು.

1800ರಲ್ಲಿ ನಿಜಾಮ ಬಳ್ಳಾರಿ, ಅನಂತಪುರ, ಕಡಪದ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅವನ ರಕ್ಷಣೆಗೆ ಕಂಪನಿ ಇಟ್ಟಿದ್ದ ದಂಡಿನ ಖರ್ಚಿಗೆ ನಮ್ಮ ನೆಲ ಹೋಯಿತು. ದತ್ತ ಮಂಡಲ ಎಂದು ಕರೆಸಿಕೊಂಡ ಈ ಸೀಮೆಗೆ ಮೊದಲ ಮುಖ್ಯ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಆಗ ಇಲ್ಲಿ 80 ಪಾಳೆಯಗಾರರಿದ್ದರು. ಹರಪನಹಳ್ಳಿ, ಜರಿಮಲೆಯಂಥ ಕಡೆ ಅವರು ನಮ್ಮ ಬೇಡ ಮನೆತನದವರು. ಊರು ಕಾಯುವ, ದಾರಿ ಕಾಯುವ, ಕರೆದಾಗ ಯುದ್ಧಕ್ಕೆ ಹೋಗುವ ಆಳುಗಳಿಗೆ ಅವರು ಜಮೀನು ಬಿಟ್ಟಿದ್ದರು. ಕಟ್ಟುಬಡಿ ಜಮೀನು ಅಂತ ಅದಕ್ಕೆ ಹೆಸರು. ಮನ್ರೋ ಪಾಳೆಯಗಾರರನ್ನು ಒಬ್ಬೊಬ್ಬರನ್ನಾಗಿ ಅಡಗಿಸಿದ. ಪಾಳೆಯಪಟ್ಟು ಹೋದ ಮೇಲೆ ಆಳುಗಳ ಕೆಲಸವೂ ಹೋಯಿತು. ಕೆಲಸದ ಜೊತೆಗೆ ಜಮೀನಿನ ಆಧಾರವೂ ಅಲುಗಾಡಿತು.

ಮನ್ರೋ ಬಗ್ಗೆ ಈ ಕಡೆ ಒಳ್ಳೆ ಮಾತು ಜಾಸ್ತಿ. ಮಂತ್ರಾಲಯದಲ್ಲಿ ಅವನಿಗೆ ರಾಯರ ದರ್ಶನವಾದ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನಡುವಿನ ದಲ್ಲಾಳಿಗಳನ್ನು ಬಿಟ್ಟು ರೈತನ ಹೆಸರಿಗೇ ಕಂದಾಯ ಬರೆಯುವ ರೈತವಾರಿ ಪದ್ಧತಿಯನ್ನು ಗಟ್ಟಿ ಮಾಡಿದವನು ಅವನು. 1807ರಲ್ಲಿ ಇಲ್ಲಿಂದ ಹೊರಡುವಾಗ, ಕಂದಾಯ ವಿಪರೀತ ಇದೆ, ಕಾಲು ಭಾಗ ಇಳಿಸಿ ಎಂದು ಬರೆದವನೂ ಅವನೇ. ಮೇಲಿನವರು ಕೇಳಲಿಲ್ಲ. 1820ರಲ್ಲಿ ತಾನೇ ಮದ್ರಾಸಿನ ಗವರ್ನರ್ ಆಗಿ ಬಂದ ಮೇಲೆ ಅದಕ್ಕೆ ದಾರಿ ಮಾಡಿದ. ಅವನ ಒಳ್ಳೆಯತನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಪದ್ಧತಿಯಲ್ಲಿ ಒಂದು ದೊಡ್ಡ ಕಿಂಡಿ ಇತ್ತು. ಒಬ್ಬನ ಹೆಸರಿಗೆ ಬರೆದು ಕಂದಾಯ ಹಾಕಿದ ಹೊಲ ಮಾತ್ರ ಜನರದ್ದು. ಊರೆಲ್ಲ ಸೇರಿ ದನ ಮೇಯಿಸುವ ಗುಡ್ಡ, ಎರಡು ಬೆಳೆ ತೆಗೆದು ನಾಲ್ಕು ವರ್ಷ ಬೀಳು ಬಿಡುವ ಇಳಿಜಾರು, ನಮ್ಮಲ್ಲೇ ಒಂದು ಪಂಗಡವಾದ ಮ್ಯಾಸ ನಾಯಕರ ದೇವರ ಎತ್ತುಗಳನ್ನು ಕಿಲಾರಿಗಳು, ಅಂದರೆ ಅವನ್ನು ಕಾಯುವವರು, ಮೇಯಿಸುವ ಅಡವಿ, ಇದೆಲ್ಲ ಯಾರ ಹೆಸರಿಗೂ ಇರಲಿಲ್ಲ. ಪುಸ್ತಕದಲ್ಲಿ ಅದು ಸರ್ಕಾರದ ಬಂಜರು ಆಯಿತು.

ಆಮೇಲೆ 1876ರಿಂದ 1878ರ ಬರ. ಹಳಬರು ಧಾತು ಈಶ್ವರ ಬರ ಎನ್ನುತ್ತಿದ್ದರು. ಬಳ್ಳಾರಿ ಜಿಲ್ಲೆಯಲ್ಲಿ 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ 5ರಲ್ಲಿ ಒಂದು ಪಾಲು ಜನ ಕಡಿಮೆಯಾದರು. ಹೊಟ್ಟೆಗಿಲ್ಲದೆ ಕಲ್ಲು ಒಡೆಯಲು ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮೇಲೊಂದಿಷ್ಟು ಪುಡಿಗಾಸು ಸಾಕು ಎಂದು 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಕಟ್ಟು ಮಾಡಿದ್ದ. ಆ ಎರಡು ವರ್ಷದಲ್ಲಿ ಹೊಲ ಬಿಟ್ಟು ಗುಳೆ ಹೋದವರ, ಸತ್ತವರ ಹೆಸರು ಕಂದಾಯದ ಪುಸ್ತಕದಲ್ಲಿ ಉಳಿಯುವುದು ಹೇಗೆ? ಇವತ್ತು "ನಿಮ್ಮ ಮುತ್ತಜ್ಜನ ಹೆಸರು ಎಲ್ಲೂ ಇಲ್ಲ" ಎಂದು ಹೇಳುವ ಮೊದಲು ಇದನ್ನೂ ನೆನೆಯಬೇಕು.

ಬರ ಮುಗಿದು ನಾಲ್ಕೇ ವರ್ಷಕ್ಕೆ, 1882ರಲ್ಲಿ, ಮದ್ರಾಸ್ ಅರಣ್ಯ ಕಾಯ್ದೆ ಬಂತು. ಜನ ಇನ್ನೂ ಚೇತರಿಸಿಕೊಂಡಿರಲಿಲ್ಲ. ದನಗಳು ಸತ್ತು ಎಷ್ಟೋ ಮನೆಗಳಲ್ಲಿ ಆಡು ಕುರಿ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಅಂಥ ಹೊತ್ತಿನಲ್ಲಿ ಬಳ್ಳಾರಿಯ ಗುಡ್ಡಗಳಿಗೆ ಒಂದಾದ ಮೇಲೊಂದು ಮೀಸಲು ಅರಣ್ಯದ ಗೆರೆ ಬಿತ್ತು. ನಮ್ಮ ಸಂಡೂರು ಸಂಸ್ಥಾನದ ಕಾಡನ್ನೂ ಮದ್ರಾಸ್ ಸರ್ಕಾರ ಗುತ್ತಿಗೆಗೆ ತೆಗೆದುಕೊಂಡಿತು. ಕಾಯ್ದೆಯ ಕ್ರಮ ಹೀಗಿತ್ತು: ಮೊದಲು ಗೆಜೆಟ್‌ನಲ್ಲಿ ಪ್ರಕಟಣೆ. ಆಮೇಲೆ ಅರಣ್ಯ ಸೆಟಲ್‌ಮೆಂಟ್ ಅಧಿಕಾರಿ ಒಂದು ಗಡುವು ಕೊಡುತ್ತಾನೆ. ಈ ಜಾಗದಲ್ಲಿ ಹಕ್ಕಿದೆ ಎನ್ನುವವರು ಗಡುವಿನೊಳಗೆ ಬಂದು ಹೇಳಬೇಕು. ಗಡುವು ಮುಗಿದರೆ ಹಕ್ಕೂ ಮುಗಿಯಿತು. ಓದು ಬರಹ ಇದ್ದ ಊರಗೌಡರು ಹೋಗಿ ಹೇಳಿಕೊಂಡಿರಬಹುದು. ಅಡವಿಯಲ್ಲಿ ರೊಪ್ಪ ಹಾಕಿಕೊಂಡಿದ್ದ ದನಗಾಹಿ ಯಾವ ಗೆಜೆಟ್ ಓದುತ್ತಾನೆ? ಎತ್ತಿನ ಮೇಲೆ ಉಪ್ಪು ಹೇರಿಕೊಂಡು ನೂರು ಹರದಾರಿ ಆಚೆ ಇದ್ದ ಲಂಬಾಣಿಗೆ ಯಾರು ಸುದ್ದಿ ಮುಟ್ಟಿಸುತ್ತಾರೆ?

ಗೆರೆ ಬಿದ್ದ ಮೇಲೆ ಮೇಯಲು ಹೋದ ಒಂದೊಂದು ದನಕ್ಕೂ ಶುಲ್ಕ. ಆಡಿಗಂತೂ ಬಹಳ ಕಡೆ ಬಾಗಿಲೇ ಮುಚ್ಚಿತು. ಕಟ್ಟಿಗೆ ತಂದರೆ ದಂಡ, ಸೊಪ್ಪು ಕಡಿದರೆ ದಂಡ. ಅತ್ತ ರೈಲು ಕಂಪನಿಗಳ ಉರುವಲಿಗೆ, ಸ್ಲೀಪರಿಗೆ ಇದೇ ಪ್ರಾಂತ್ಯದ ಮರ ಹೋಗುತ್ತಿತ್ತು. ಅರಣ್ಯ ಇಲಾಖೆಯ ಮೇಲೆ ಹಳ್ಳಿಗರ ದೂರು ಎಷ್ಟಾಯಿತೆಂದರೆ ಮದ್ರಾಸ್ ಸರ್ಕಾರ ತಾನೇ ಒಂದು ಅರಣ್ಯ ಸಮಿತಿ ಮಾಡಿ, 1913ರಲ್ಲಿ ವರದಿ ತರಿಸಿಕೊಳ್ಳಬೇಕಾಯಿತು. ಬ್ರಿಟಿಷರೇ ಕಿವಿಗೊಟ್ಟು ಕೇಳಿದ ದೂರು ಅದು. 1963ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆ ಬಂದಾಗಲೂ ಹಳೆಯ ಗೆರೆಗಳು ಹಾಗೇ ಉಳಿದವು. ಇವತ್ತು ನಮ್ಮ ಹುಡುಗರ ಮೇಲೆ ಒತ್ತುವರಿ ಕೇಸು ಹಾಕುವುದು ಅದೇ ಗೆರೆ ಹಿಡಿದು.

ಲಂಬಾಣಿಗಳ ವಿಷಯ ಇನ್ನೂ ಬೇರೆ. ರಸ್ತೆ ಇಲ್ಲದ ಕಾಲದಲ್ಲಿ ಈ ಸೀಮೆಗೆ ಉಪ್ಪು, ಕಾಳು ತರುತ್ತಿದ್ದವರು ಅವರು. 1791-92ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಹೋದ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಮುಟ್ಟಿಸಿದ್ದೂ ಬಂಜಾರರ ಎತ್ತುಗಳೇ. ಕಂಪನಿ ದಂಡಿನ ಹೊಟ್ಟೆ ತುಂಬಿಸಿದ ಜನರಿಗೆ ಸಿಕ್ಕ ಬಹುಮಾನ ಏನು? 1871ರಲ್ಲಿ ರೈಲು ರಾಯಚೂರು ಮುಟ್ಟಿ ಮುಂಬೈ, ಮದ್ರಾಸಿನ ದಾರಿ ಕೂಡಿತು. ಬಳ್ಳಾರಿಗೂ ರೈಲು ಬಂತು. ಎತ್ತಿನ ಮೇಲೆ ಸರಕು ಹೇರಿ ಮಾರುವ ಅವರ ಲದೇಣಿ ವ್ಯಾಪಾರ ಕಣ್ಣೆದುರೇ ಮುಗಿದುಹೋಯಿತು. ಹೇರೆತ್ತುಗಳನ್ನು ಮಾರಿ, ಉಳಿದವನ್ನು ನೇಗಿಲಿಗೆ ಕಟ್ಟಿ, ಊರವರು ಬೇಡವೆಂದ ಕಲ್ಲುನೆಲದಲ್ಲಿ ಜೋಳ, ಸಜ್ಜೆ, ನವಣೆ ಬಿತ್ತಲು ಕೂತರು. ಊರವರು ಬೇಡವೆಂದ ನೆಲ ಅಂದರೆ ಕಾಡಿನ ಅಂಚು. ತಾಂಡಾಗಳು ಇವತ್ತಿಗೂ ಗುಡ್ಡದ ಓರೆಯಲ್ಲೇ ಇರುವುದಕ್ಕೆ ಇದೂ ಒಂದು ಕಾರಣ.

ಕೊರಚರು, ಕೊರವರು ಕತ್ತೆ, ಎತ್ತುಗಳ ಮೇಲೆ ಉಪ್ಪು ಮಾರುತ್ತಿದ್ದವರು, ಈಚಲು ಗರಿಯ ಬುಟ್ಟಿ ಹೆಣೆಯುತ್ತಿದ್ದವರು. ಉಪ್ಪಿನ ವ್ಯಾಪಾರವನ್ನು ರೈಲು ಕಿತ್ತುಕೊಂಡಿತು. ಈಚಲು ಗರಿ, ಬಿದಿರಿಗೆ ಅರಣ್ಯ ಇಲಾಖೆ ಅಡ್ಡ ಬಂತು. ಬದುಕುವ ಎರಡೂ ದಾರಿ ಮುಚ್ಚಿದ ಮೇಲೆ ಅವರನ್ನೇ ಕಳ್ಳರೆಂದರು. 1871ರಲ್ಲಿ ಉತ್ತರ ಭಾರತದಲ್ಲಿ ಶುರುವಾದ ಅಪರಾಧಿ ಬುಡಕಟ್ಟು ಕಾಯ್ದೆ 1911ರಲ್ಲಿ ಹೊಸ ರೂಪ ತಾಳಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಕೊರವರ, ಕೊರಚರ ಎಷ್ಟೋ ಗುಂಪುಗಳು ಅದರ ಪಟ್ಟಿಗೆ ಸೇರಿದವು. ಪಟ್ಟಿಗೆ ಬಿದ್ದವರು ಬೆರಳಚ್ಚು ಕೊಡಬೇಕು. ಕರೆದ ಹೊತ್ತಿಗೆ ಪೊಲೀಸರ ಮುಂದೆ ಹಾಜರಿ ಹಾಕಬೇಕು. ಊರು ಬಿಟ್ಟು ಹೋಗಲು ಚೀಟಿ ಬೇಕು. ಹುಟ್ಟಿದ್ದೇ ತಪ್ಪು ಎಂದು ಬರೆದ ಕಾಯ್ದೆ ಅದು. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರ ಆಗಸ್ಟ್ 31ರಂದು, ಇಡೀ ದೇಶದಲ್ಲಿ ಅದು ರದ್ದಾಯಿತು.

ಈಗ ಯೋಚಿಸಿ ನೋಡಿ. 1930ರಲ್ಲಿ ಒಬ್ಬ ಕೊರಚ ಈ ಊರಲ್ಲೇ ಇದ್ದ ಎನ್ನುವುದಕ್ಕೆ ಸರ್ಕಾರ ಬರೆದಿಟ್ಟ ದಾಖಲೆ ಯಾವುದಾದರೂ ಇದ್ದರೆ ಅದು ಬಹುಶಃ ಪೊಲೀಸ್ ಹಾಜರಿ ಪುಸ್ತಕ. ತಹಶೀಲ್ದಾರರ ಪುಸ್ತಕದಲ್ಲಿ ಅವನಿಗೆ ಜಾಗ ಕೊಡಲಿಲ್ಲ. ಠಾಣೆಯ ಪುಸ್ತಕದಲ್ಲಿ ಬೆರಳು ಒತ್ತಿಸಿಕೊಂಡರು. ಅವನ ಮೊಮ್ಮಗ ಈಗ ಎರಡು ಎಕರೆ ಕಲ್ಲುಭೂಮಿಗಾಗಿ ತನ್ನ ಅಜ್ಜನನ್ನು ಕಳ್ಳನೆಂದು ಬರೆದ ಆ ಹಾಳೆಯನ್ನು ಹುಡುಕಿಕೊಂಡು ಹೋಗಬೇಕಾ? ಹೋದರೂ ಯಾವ ಕಚೇರಿ ತೆಗೆದುಕೊಡುತ್ತದೆ?

ಹೊಳೆ ಆಚೆಯ ಜನರ ಕಥೆ ಬೇರೆ ಆಡಳಿತದ್ದು, ಆದರೆ ಫಲ ಒಂದೇ. 1853ರಲ್ಲಿ ಸಾಲದ ಬಾಬ್ತು ರಾಯಚೂರು ದೋಆಬನ್ನು, ಅಂದರೆ ಕೃಷ್ಣೆ, ತುಂಗಭದ್ರೆಗಳ ನಡುವಿನ ಸೀಮೆಯನ್ನು, ಬ್ರಿಟಿಷರು ನಿಜಾಮನಿಂದ ಕಿತ್ತುಕೊಂಡರು, 1860ರಲ್ಲಿ ವಾಪಸು ಕೊಟ್ಟರು. ಆ ಏಳು ವರ್ಷದ ನಡುವೆಯೇ 1858 ಬಂತು. ಪಕ್ಕದ ಸುರಪುರದಲ್ಲಿ ಬೇಡರ ದೊರೆ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತು, ಸೋತು, ಸೆರೆಯಲ್ಲಿ ಜೀವ ಬಿಟ್ಟ. ಅವನ ಸೀಮೆಯನ್ನು ಬ್ರಿಟಿಷರು ನಿಜಾಮನಿಗೆ ಉಡುಗೊರೆಯಾಗಿ ಕೊಟ್ಟರು. ಅದೇ ವರ್ಷ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತಾ ಸತ್ತ. ಕೊಪ್ಪಳ ಆಗ ನಿಜಾಮನ ದಿವಾನ ಸಾಲಾರ್ ಜಂಗ್‌ನ ಜಾಗೀರು. ಜಾಗೀರಿನ ಲೆಕ್ಕ ಜಾಗೀರುದಾರನ ಮನೆಯದ್ದು. ಉಳುವವನ ಹೆಸರು ಅದರಲ್ಲಿ ಬಂದರೆ ಬಂತು, ಇಲ್ಲವಾದರೆ ಇಲ್ಲ.

ಇನ್ನು ಕಾಗದಗಳ ಪಾಡು ಕೇಳಿ. ಸಂಡೂರು 1949ರಲ್ಲಿ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯೇ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ರಾಯಚೂರು, ಕೊಪ್ಪಳ ಮೈಸೂರಿಗೆ ಸೇರಿದವು. ಜನ ಬಂದರು, ನೆಲ ಬಂತು. ಹಳೆ ಕಾಗದ ಪೂರ್ತಿ ಬರಲಿಲ್ಲ. ಬಳ್ಳಾರಿ ಕಲೆಕ್ಟರ ಹಳೆ ಪತ್ರವ್ಯವಹಾರ, ಕಂದಾಯ ಬೋರ್ಡಿನ ನಡಾವಳಿಗಳು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ನಿಜಾಮರ ಕಾಲದ ದಾಖಲೆಗಳು ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ಪತ್ರಾಗಾರದಲ್ಲಿವೆ. ಅಲ್ಲಿಯ ಕಾಗದ ಪಾರ್ಸಿಯಲ್ಲಿ, ಉರ್ದುವಿನಲ್ಲಿ. ಬಳ್ಳಾರಿ ಕಡೆಯದು ಇಂಗ್ಲಿಷಿನಲ್ಲಿ, ತೆಲುಗಿನಲ್ಲಿ. ತಾಲೂಕು ಕಚೇರಿಗಳಲ್ಲಿ ಉಳಿದಿರುವ ಡೈಗ್ಲಾಟ್, ಅಡಂಗಲ್, ಹೊಳೆ ಆಚೆಯ ಸೇತ್ವಾರ್, ಖಾಸ್ರಾ ಪಹಣಿ ಎಂಬ ಹಳೆ ಜಮೀನಿನ ಪುಸ್ತಕಗಳನ್ನು ಓದುವವರು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಇಸವಿಯೂ ಬೇರೆ. 1930ರ ಡಿಸೆಂಬರ್ ತಿಂಗಳನ್ನು ಆ ಪುಸ್ತಕಗಳಲ್ಲಿ 1340 ಫಸಲಿ, ಅಂದರೆ ಕಂದಾಯದ ಲೆಕ್ಕದ ಇಸವಿ, ಎಂದು ಹುಡುಕಬೇಕು. ಇದನ್ನು ಆಡು ಕಾಯುವ ಹೆಂಗಸು ಹೇಗೆ ಹುಡುಕುತ್ತಾಳೆ, ನೀವೇ ಹೇಳಿ.

ಒಂದು ವಿಚಾರಣೆಯಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು. ಯಾವ ಕಚೇರಿ, ಯಾವ ಅಧಿಕಾರಿ ಎಂಬುದು ಇಲ್ಲಿ ಬೇಡ. ಒಬ್ಬರನ್ನು ಬೈಯಿಸುವುದು ನನ್ನ ಉದ್ದೇಶವಲ್ಲ. ನಮ್ಮ ಪಕ್ಕದ ತಾಂಡಾದ ಹಿರಿಯ ಹೆಂಗಸು ಬಂದಿದ್ದರು. ತಾಂಡಾದಲ್ಲಿ ಮರಿಯಮ್ಮನ ಗುಡಿ ಇದೆ. ಮಾವನ ಕಾಲದ ಕಲ್ಲು ಕಟ್ಟಿದ ಬಾವಿ ಇದೆ. ಹಿರಿಯರನ್ನು ಮಣ್ಣು ಮಾಡಿದ ಜಾಗ ಇದೆ. ಎಲ್ಲವನ್ನೂ ಸಮಿತಿಯವರು ನಕ್ಷೆ ಬರೆದು, ಫೋಟೋ ಹಚ್ಚಿ ಅರ್ಜಿಯ ಜೊತೆ ಇಟ್ಟಿದ್ದರು. ತಾಂಡಾದ ನಾಯಕರು, ಕಾರಭಾರಿ, ನಮ್ಮೂರಿನ ಇಬ್ಬರು ಹಿರಿಯರು ಸಾಕ್ಷಿ ಹೇಳಿ ಹೆಬ್ಬೆಟ್ಟು ಒತ್ತಿದ್ದರು. ಅಧಿಕಾರಿ ಅದ್ಯಾವುದನ್ನೂ ತಿರುವಿ ನೋಡಲಿಲ್ಲ. "ಅಮ್ಮಾ, 1930ರದ್ದು ಏನಾದರೂ ಕಾಗದ ಇದೆಯಾ?" ಎಂದು ಕೇಳಿದರು. ಅವರು ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ: "ಸಾಹೇಬ್ರ, ನಮ್ಮ ಕೈಯಾಗ ಕಾಗದ ಯಾರು ಕೊಟ್ಟಾರ್ರೀ? ಕೊಟ್ಟಿದ್ರ ತೋರಸ್ತಿದ್ವಿ." ಅಷ್ಟಕ್ಕೇ ಮುಂದಿನ ಹೆಸರು ಕೂಗಿದರು. ತಿರಸ್ಕಾರದ ಕಾರಣ ಬರೆದ ಪತ್ರ ಆಮೇಲೆ ತಿಂಗಳುಗಟ್ಟಲೆ ಅವರ ಕೈಸೇರಲಿಲ್ಲ. ಮೇಲ್ಮನವಿಗೆ ಇರುವುದು 60 ದಿನ. ಪತ್ರವೇ ಬರದಿದ್ದರೆ ಮೇಲ್ಮನವಿ ಯಾವುದರ ಮೇಲೆ ಹಾಕುವುದು?

ಇದು ಕಾಯ್ದೆಗೇ ವಿರುದ್ಧ. ಅರಣ್ಯ ಹಕ್ಕು ನಿಯಮಗಳ 13ನೇ ನಿಯಮ ಸಾಕ್ಷ್ಯ ಯಾವುದೆಂದು ಬಿಡಿಸಿ ಹೇಳುತ್ತದೆ. ಗೆಜೆಟಿಯರ್, ಜನಗಣತಿ, ಸರ್ವೆ ವರದಿ, ನಕ್ಷೆ, ಹಿಂದಿನ ಸಂಸ್ಥಾನಗಳ ದಾಖಲೆಗಳು ಅದರಲ್ಲಿವೆ. ಹಳೆಯ ಬಾವಿ, ಮಣ್ಣು ಮಾಡುವ ಜಾಗ, ದೇವರ ಜಾಗಗಳೂ ಇವೆ. ವಂಶಾವಳಿ ಇದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಇಂಥದ್ದೇ ಕಾಗದ ಬೇಕು ಎಂದು ಹಟ ಹಿಡಿಯಬಾರದು ಎಂದು 2012ರ ತಿದ್ದುಪಡಿ ಹೇಳುತ್ತದೆ. ಅರ್ಜಿ ಅಪೂರ್ಣ ಎನಿಸಿದರೆ ಉಪವಿಭಾಗ ಸಮಿತಿ ಅದನ್ನು ತಿರಸ್ಕರಿಸದೆ ಗ್ರಾಮಸಭೆಗೆ ಮರಳಿ ಕಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ 12ನೇ ನಿಯಮದ 4ನೇ ಉಪನಿಯಮ: ಗ್ರಾಮಸಭೆಯಾಗಲೀ ಅರಣ್ಯ ಹಕ್ಕು ಸಮಿತಿಯಾಗಲೀ ಲಿಖಿತವಾಗಿ ಕೇಳಿದರೆ ಸಂಬಂಧಪಟ್ಟ ಅಧಿಕಾರಿಗಳು ದಾಖಲೆಯ ದೃಢೀಕೃತ ಪ್ರತಿ ಕೊಡಬೇಕು. ಕೊಡಬೇಕಾದವರು ಅಧಿಕಾರಿಗಳು. ನಾವು ಕೇಳಿದಾಗ ಬಂದ ಉತ್ತರ, "ಅಷ್ಟು ಹಳೆಯದು ನಮ್ಮಲ್ಲಿ ಲಭ್ಯವಿಲ್ಲ." ಸರ್ಕಾರಕ್ಕೇ ಸಿಗದ ಕಾಗದ ಇಲ್ಲವೆಂಬ ಕಾರಣಕ್ಕೆ ಬಡವರ ಅರ್ಜಿ ಬಿದ್ದುಹೋಗುವುದು ಯಾವ ನ್ಯಾಯ?

ಸರ್ಕಾರ ಮನಸ್ಸು ಮಾಡಿದರೆ ಹಳೆ ಕಾಗದ ಸಿಗುತ್ತದೆ ಎನ್ನುವುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಅದಿರಿಗಾಗಿ ಕರ್ನಾಟಕ, ಆಂಧ್ರದ ಗಡಿಯ ಗುರುತುಗಳನ್ನೇ ಅಳಿಸಿ ಗಣಿ ಮಾಡಿದ ಕಾಲವನ್ನು ಬಳ್ಳಾರಿ ಮರೆತಿಲ್ಲ. 2006ರಲ್ಲಿ ಗಡಿಯಲ್ಲಿದ್ದ ಸುಗ್ಗಲಮ್ಮನ ಗುಡಿಯೇ ನೆಲಸಮವಾಯಿತು. 2011ರಲ್ಲಿ ಲೋಕಾಯುಕ್ತರ ವರದಿ ಬಂತು. ಅದೇ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆ ಗಡಿ ತಕರಾರು ಬಗೆಹರಿಸುವಾಗ ಬ್ರಿಟಿಷರ ಕಾಲದ ಬಳ್ಳಾರಿ ಮೀಸಲು ಅರಣ್ಯದ ನಕ್ಷೆಗಳು ಹೊರಗೆ ಬಂದವು, ಅವುಗಳ ಮೇಲೆ ಅಳತೆಯೂ ನಡೆಯಿತು. ಎರಡು ರಾಜ್ಯಗಳ ಗಡಿಗೆ ಸಿಕ್ಕ ನಕ್ಷೆ ಒಂದು ತಾಂಡಾದ ಬದುವಿಗೆ ಯಾಕೆ ಸಿಗುವುದಿಲ್ಲ?

ಇನ್ನೊಂದು ಮಾತು. 1953ರಲ್ಲಿ ಆಂಧ್ರಕ್ಕೆ ಹೋದ ಆದೋನಿ, ಆಲೂರು, ರಾಯದುರ್ಗದ ತಾಂಡಾಗಳಲ್ಲಿ ನಮ್ಮ ತಾಂಡಾದವರ ಬೀಗರಿದ್ದಾರೆ. ಅಲ್ಲಿ ಸುಗಾಲಿಗಳು, ಅಂದರೆ ಲಂಬಾಣಿಗಳು, ಪರಿಶಿಷ್ಟ ಪಂಗಡ. ಅಲ್ಲಿಯ ಎರುಕಲರು, ಅಂದರೆ ನಮ್ಮ ಕೊರಚರ ಬಳಗದವರು, ಅವರೂ ಪಂಗಡ. ಹಾಗಾಗಿ ಅವರಿಗೆ 75 ವರ್ಷದ ಪುರಾವೆ ಬೇಕಿಲ್ಲ. ಇಲ್ಲಿ ಉಳಿದವರಿಗೆ ಬೇಕು. ಯಾರು ಯಾವ ಪಟ್ಟಿಯಲ್ಲಿರಬೇಕು ಎಂಬ ಚರ್ಚೆಗೆ ನಾನು ಕೈ ಹಾಕುವುದಿಲ್ಲ, ಅದು ಬೇರೆಯೇ ವಿಷಯ. ಒಂದೇ ಜಿಲ್ಲೆಯಲ್ಲಿ, ಒಂದೇ ಬ್ರಿಟಿಷ್ ಕಾಯ್ದೆಗಳ ಕೆಳಗೆ ಒಟ್ಟಿಗೆ ಪೆಟ್ಟು ತಿಂದ ಅಣ್ಣ ತಮ್ಮಂದಿರಲ್ಲಿ ಒಬ್ಬನಿಗೆ ಸುಲಭವಾದ ದಾರಿ ಇನ್ನೊಬ್ಬನಿಗೆ ಮುಚ್ಚಿದೆ. ಹೀಗಿರುವಾಗ ಪುರಾವೆ ಒದಗಿಸುವಲ್ಲಿ ಸರ್ಕಾರ ಅವನ ಕೈ ಹಿಡಿಯಲೇಬೇಕು ಅಲ್ವಾ?

ಹಾಗಾಗಿ ನಿಮ್ಮಲ್ಲಿ ನನ್ನ ಬೇಡಿಕೆ. ತಾಲೂಕು ಕಚೇರಿಗಳ ಹಳೆ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುವ ಭೂ ಸುರಕ್ಷಾ ಯೋಜನೆ ಒಳ್ಳೆಯ ಕೆಲಸ. ಮನಸ್ಸು ಬಿಚ್ಚಿ ಹೇಳುತ್ತೇನೆ. ಆ ಕೆಲಸವನ್ನು ರಾಜ್ಯದ ಗಡಿಯಲ್ಲೇ ನಿಲ್ಲಿಸಬೇಡಿ. ತಮಿಳುನಾಡು, ತೆಲಂಗಾಣ ಸರ್ಕಾರಗಳ ಜೊತೆ ಮಾತಾಡಿ, ಬಳ್ಳಾರಿ, ಸಂಡೂರು, ರಾಯಚೂರು, ಕೊಪ್ಪಳಕ್ಕೆ ಸಂಬಂಧಪಟ್ಟ ಕಂದಾಯ, ಸರ್ವೆ, ಅರಣ್ಯ ಸೆಟಲ್‌ಮೆಂಟ್ ಕಡತಗಳ ಪ್ರತಿ ಮಾಡಿಸಿ ತನ್ನಿ. ಮೀಸಲು ಅರಣ್ಯದ ಪ್ರಕಟಣೆಗಳಿದ್ದ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್‌ನ ಪುಟಗಳನ್ನೂ ತನ್ನಿ. ಯಾವ ಗುಡ್ಡಕ್ಕೆ ಯಾವಾಗ ಗೆರೆ ಬಿತ್ತು, ಆಗ ಯಾರು ಯಾರು ಹಕ್ಕು ಕೇಳಿದರು, ಯಾರಿಗೆ ಇಲ್ಲವೆಂದರು ಎಂಬುದೆಲ್ಲ ಅಲ್ಲಿರುತ್ತದೆ. ಆಗ "ಇಲ್ಲ" ಎನ್ನಿಸಿಕೊಂಡವನ ಹೆಸರು ಇವತ್ತು ಅವನ ಮೊಮ್ಮಗನಿಗೆ ಪುರಾವೆಯಾಗುತ್ತದೆ. ಬೆಂಗಳೂರಿನ ಪತ್ರಾಗಾರದಲ್ಲಿ ಮಾತ್ರ ಇಟ್ಟರೆ ಪ್ರಯೋಜನವಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಜಿಲ್ಲಾ ಕೇಂದ್ರಗಳಲ್ಲಿ ಹಳ್ಳಿ ಹೆಸರು ಹೇಳಿದರೆ ತೆಗೆದು ತೋರಿಸುವ ಹಾಗಿರಲಿ.

ತಂದ ಕಾಗದವನ್ನು ಓದುವವರೂ ಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗ ಇದೆ. ಉರ್ದು, ಪಾರ್ಸಿ, ತೆಲುಗು ಬಲ್ಲ ಹಿರಿಯರು ಈ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ. ಅವರು ಇರುವಾಗಲೇ ನಾಲ್ಕು ಹುಡುಗರಿಗೆ ಆ ಓದು ಕಲಿಸಿ, ಸಂಬಳ ಕೊಟ್ಟು, ದಾಖಲೆಗಳ ಸಾರವನ್ನು ಕನ್ನಡದಲ್ಲಿ ಬರೆಸಿ. ಹಳ್ಳಿ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇಕೇ?

ಪೊಲೀಸರ ಹಳೆ ಹಾಜರಿ ಪುಸ್ತಕಗಳ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಅವನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಇಡಬೇಡಿ. ಕುಟುಂಬದವರು ತಾವಾಗಿಯೇ ಕೇಳಿದರೆ ಮಾತ್ರ, ಅವರ ಕೈಗೆ ಮಾತ್ರ, ಇವರು ಆ ವರ್ಷ ಇಂಥ ಊರಲ್ಲಿದ್ದರು ಎಂಬ ಒಂದು ಸಾಲಿನ ದೃಢೀಕರಣ ಕೊಡಿ. ಯಾವ ಪುಸ್ತಕದಿಂದ ಬಂತು ಎಂದು ಬರೆಯುವ ಅಗತ್ಯವಿಲ್ಲ. ನೂರು ವರ್ಷದ ಹಿಂದಿನ ಅವಮಾನವನ್ನು ಮತ್ತೆ ಮನೆ ಬಾಗಿಲಿಗೆ ಅಂಟಿಸಬಾರದು.

ಈ ಕಾಗದಗಳು ಬರುವವರೆಗೆ ಕಾಯಬೇಕು ಎಂದೂ ಇಲ್ಲ. 13ನೇ ನಿಯಮದಲ್ಲಿರುವ ಬಾವಿ, ಗುಡಿ, ಮಣ್ಣು ಮಾಡಿದ ಜಾಗ, ಹಿರಿಯರ ಮಾತು, ಇವುಗಳ ಮೇಲೆಯೇ ಅರ್ಜಿ ತೀರ್ಮಾನಿಸಿ ಎಂದು ಮೂರೂ ಜಿಲ್ಲೆಗಳ ಸಮಿತಿಗಳಿಗೆ ಲಿಖಿತ ಸೂಚನೆ ಹೋಗಲಿ. "75 ವರ್ಷದ ದಾಖಲೆ ಇಲ್ಲ" ಎಂಬ ಒಂದೇ ಸಾಲಿನಿಂದ ತಿರಸ್ಕರಿಸಿದ ಅರ್ಜಿಗಳನ್ನೆಲ್ಲ ಗ್ರಾಮಸಭೆಗಳಿಗೆ ಮರಳಿಸಿ, ಹೊಸದಾಗಿ ಕೇಳಿ. 2019ರ ಫೆಬ್ರವರಿಯಲ್ಲಿ ತಿರಸ್ಕೃತ ಅರ್ಜಿದಾರರನ್ನು ತೆರವು ಮಾಡಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದಾಗ ನಮ್ಮ ತಾಂಡಾಗಳಲ್ಲಿ ಒಲೆ ಹೊತ್ತಿರಲಿಲ್ಲ. ಅದೇ ತಿಂಗಳಲ್ಲಿ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೆ ಅಂಜಿಕೆ ಹೋಗಿಲ್ಲ. ಅರ್ಜಿ ಪೂರ್ತಿ ತೀರ್ಮಾನ ಆಗುವವರೆಗೆ ಯಾರನ್ನೂ ಒಕ್ಕಲೆಬ್ಬಿಸಬಾರದು ಎಂದು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಮುಂಗಾರಿನ ಬಿತ್ತನೆ ಹೊತ್ತಿನಲ್ಲಿ ಜೆಸಿಬಿ ತಂದು ಬದು ಕೆಡಿಸುವ ಕೆಲಸ ಎಲ್ಲೂ ಆಗದಂತೆ ನೀವಿಬ್ಬರೂ ಅರಣ್ಯ ಸಚಿವರ ಜೊತೆ ಕೂತು ಮಾತಾಡಬೇಕು.

ಈ ಪತ್ರಕ್ಕೆ ಕನ್ನಡದಲ್ಲಿ ಲಿಖಿತ ಉತ್ತರ ಕೊಡಿ. ಅದನ್ನು ನಮ್ಮ ಮುಂದಿನ ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಓದಿ ಹೇಳುತ್ತೇನೆ.

ಇಂತಿ ನಮಸ್ಕಾರಗಳು,

ಅರಣ್ಯ ಹಕ್ಕು ಸಮಿತಿಯ ಸದಸ್ಯ,
ಸಂಡೂರು ತಾಲೂಕು, ಬಳ್ಳಾರಿ ಜಿಲ್ಲೆ.